ಗುಂಯ್ ಅಂದದ್ದು ನಾನಲ್ಲ

ನಾನು ಒಂದು ಮೈಕು. ಕೈಯಲ್ಲಿ ಹಿಡಿಯುವ, ಕರಿ ಬಣ್ಣದ, ಸಾಧಾರಣ ಮೈಕು. ಊರ ಹೆಸರೂ ನನಗೆ ತಿಳಿಯದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ಒಬ್ಬ ಹೆಣ್ಣುಮಗಳು ನನ್ನ ಹೊಟ್ಟೆಯೊಳಗೆ ಸಣ್ಣ ತಂತಿಗಳನ್ನು ಬೆಸೆದು, ತಲೆಗೆ ಜಾಲರಿಯ ಟೊಪ್ಪಿಗೆ ತೊಡಿಸಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಒಳಗೆ ಏನೂ ಸದ್ದಾಗಲಿಲ್ಲ. ಮೆಚ್ಚಿ ಡಬ್ಬಿಗೆ ಹಾಕಿದಳು. ಅವತ್ತಿನಿಂದ ನನಗೊಂದು ಹೆಮ್ಮೆ ಉಂಟು. ನಾನಾಗಿ ನಾನು ಸದ್ದು ಮಾಡುವವನಲ್ಲ, ಬೇರೆಯವರ ದನಿಯನ್ನು ಮುಟ್ಟಿಸುವುದಷ್ಟೇ ನನ್ನ ಕೆಲಸ.

ನನ್ನ ಮೊದಲ ಯಜಮಾನ ಗದುಗಿನ ಮೌಲಾಸಾಬ. ಮದುವೆ, ಸಭೆಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವುದು ಅವನ ಕಸುಬು. ಒಳ್ಳೆಯ ಮನುಷ್ಯ. ಆದರೆ ಅವನ ಗಿರಾಕಿಗಳ ಬಗ್ಗೆ ನಾನು ಹಾಗೆ ಹೇಳಲಾರೆ. ಹಿಡಿದವರೆಲ್ಲ ಮೊದಲು ನನ್ನ ತಲೆಯ ಮೇಲೆ ಟಕಟಕ ಕುಟ್ಟುವರು, ಆಮೇಲೆ ಫೂ ಫೂ ಎಂದು ಊದುವರು. ಎದುರಿಗಿರುವ ಮನುಷ್ಯನಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂದು ತಿಳಿಯಲು ಯಾರಾದರೂ ಅವನ ತಲೆ ಕುಟ್ಟುತ್ತಾರೆಯೇ? ಬೀಗರ ಭಾಷಣ, ಕಳೆದುಹೋದ ಚಪ್ಪಲಿಯ ಸುದ್ದಿ, ಊಟಕ್ಕೆ ಏಳಿರೆಂಬ ಕರೆ, ಎಲ್ಲವನ್ನೂ ಮುಟ್ಟಿಸಿದೆ. ನನ್ನಿಂದ ಒಂದು ಅಪಸ್ವರ ಬಂತೆಂದು ಯಾರೂ ಹೇಳಲಿಲ್ಲ.

ಮೌಲಾಸಾಬ ಹೊಸ ಮೈಕುಗಳನ್ನು ತಂದಾಗ ನನ್ನನ್ನು ಬೆಟಗೇರಿ ಕಡೆಯ ಒಂದು ಸಣ್ಣ ಚರ್ಚಿನ ಹಾಡಿನ ಗುಂಪಿಗೆ ಕೊಟ್ಟ. ಆ ಚರ್ಚಿನಲ್ಲಿ ಒಂದು ಪದ್ಧತಿ. ಪುಸ್ತಕ ಓದಲು ಬಾರದ ಹಿರಿಯರು ಬಹಳ ಮಂದಿ ಇದ್ದುದರಿಂದ ಹಾಡಿನ ಪ್ರತಿ ಸಾಲನ್ನೂ ಒಬ್ಬರು ಮೊದಲು ಹೇಳಬೇಕು, ಉಳಿದವರು ಅದನ್ನು ಎತ್ತಿಕೊಂಡು ಹಾಡಬೇಕು. ವರ್ಷಗಟ್ಟಲೆ ಸಾಲು ಹೇಳಿದವಳು ರಾಹೇಲ. ರಸ್ತೆಯಲ್ಲಿ ಹೋಗುವವರಿಗೂ ಕೇಳುವಂಥ ಕಂಠವಿದ್ದ ಅವಳಿಗೆ ಮೈಕೇ ಬೇಕಿರಲಿಲ್ಲ. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ದಾರದೆಳೆಯಷ್ಟಾಯಿತು. ಅದಕ್ಕೇ ನಾನು ಬಂದೆ.

ರಾಹೇಲ ಇನ್ನೂ ದವಾಖಾನೆಯಲ್ಲಿದ್ದಾಗ ಗುಂಪಿನ ಹಿರಿಯಳು ದೀನವ್ವ ನನ್ನನ್ನು ಸ್ವಾಗತಿಸಿದ ರೀತಿ ಮರೆಯಲಾರೆ. ಆ ಚರ್ಚಿನ ಹೆಂಗಸರಿಗೆ ಕ್ರೋಶಾ ಹೆಣಿಗೆಯ ಹುಚ್ಚು. ಮೇಜು, ಹೂದಾನಿ, ಕೀಬೋರ್ಡು, ಬರಿಮೈಯಲ್ಲಿ ಏನಿದ್ದರೂ ಅವರಿಗೆ ಸಹಿಸದು. ನೆಲದ ಮೇಲೆ ಹಾವಿನಂತೆ ಬಿದ್ದ ನನ್ನ ವೈರು ಮತ್ತು ಕೀಬೋರ್ಡಿಗೆ ಕರೆಂಟು ಕೊಡುವ ಅಡಾಪ್ಟರಿನ ವೈರು ಕಂಡು ದೀನವ್ವ ಮೂಗು ಮುರಿದಳು. ಎರಡನ್ನೂ ಕೂಡಿಸಿ ಮುಚ್ಚುವಂತೆ ಬಿಳಿ ದಾರದ ಉದ್ದನೆಯ ಗವಸು ಹೆಣೆದಳು. ನನಗೂ ಹೊಸ ಬಟ್ಟೆ ತೊಟ್ಟಷ್ಟು ಖುಷಿಯಾಯಿತು.

ರಾಹೇಲ ವಾಪಸು ಬಂದು ನನ್ನನ್ನು ಹಿಡಿದಳು. ಕೀಬೋರ್ಡು ನುಡಿಸುವ ಎಲೀಷಪ್ಪ ನನ್ನ ವೈರಿನ ತುದಿಯನ್ನು ಅದರ ಬೆನ್ನಿಗಿದ್ದ ಮೈಕಿನ ತೂತಿಗೆ ಚುಚ್ಚಿದ. ನಾನು ಹೊತ್ತ ದನಿಯೂ ಕೀಬೋರ್ಡಿನ ಸ್ಪೀಕರಿನಿಂದಲೇ ಹೊರಬರಬೇಕು. ಗುಂಯ್ ಎಂದು ಸದ್ದು ಶುರುವಾಯಿತು. ರಾಹೇಲಳ ದನಿ ಅದರೊಳಗೆ ಮುಳುಗಿಹೋಯಿತು.

"ಹಳೇ ಮಾಲು ತಂದೀರಿ," ಎಂದರು ಸಭೆಯ ಹಿರಿಯರೊಬ್ಬರು. "ಸುಗ್ಗಿ ಹಬ್ಬ ಬಂತು. ಈ ಸಲ ಬ್ಯಾರೆಯವರು ಸಾಲು ಹೇಳ್ಲಿ. ನೀ ಕುಂತು ಕೇಳವ್ವಾ."

"ಹಬ್ಬದ ತನಕ ತಡೀರಿ," ಎಂದಳು ರಾಹೇಲ. "ಇದು ಯಾಕ ಹಿಂಗ್ ಮಾಡ್ತೈತಿ ಅಂತ ನಾ ಹುಡುಕತೀನಿ. ಆವಾಗೂ ಆಗ್ಲಿಲ್ಲಂದ್ರ ನಾನ ಕುಂಡ್ರತೀನಿ."

ಮಾತು ಪಿಸುದನಿಯಲ್ಲಿತ್ತು, ಆದರೆ ನನ್ನನ್ನು ಹಿಡಿದ ಮುಷ್ಟಿ ಬಿಗಿಯಾಗಿತ್ತು. ನಾನೂ ಹಟ ತೊಟ್ಟೆ. ಹಳೇ ಮಾಲಂತೆ!

ಅವಳು ನನ್ನನ್ನು ಕಳಚಿ ಚೀಲದಲ್ಲಿಟ್ಟುಕೊಂಡು ಮೌಲಾಸಾಬನ ಅಂಗಡಿಗೆ ಒಯ್ದಳು. ಅವನ ವೈರು, ಅವನ ಆಂಪ್ಲಿಫೈಯರ್. ದನಿ ತಿಳಿನೀರಿನಂತೆ ಬಂತು. ತಪ್ಪು ನನ್ನದಲ್ಲವೆಂದು ಅವಳಿಗಾದರೂ ತಿಳಿಯಿತಲ್ಲ ಎಂದು ನಾನು ನಿಟ್ಟುಸಿರಿಟ್ಟೆ. ವೈರೇ ಕೆಟ್ಟಿರಬೇಕೆಂದು ಹೊಸದನ್ನು ತಂದಳು. ತಂದು, ಅಚ್ಚುಕಟ್ಟಾಗಿ, ಅದೇ ಗವಸಿನೊಳಗೆ ತೂರಿಸಿದಳು. ಗುಂಯ್!

ಹಾಗಾದರೆ ಕೀಬೋರ್ಡಿನದೇ ತಪ್ಪು ಎಂದಾಗ ಎಲೀಷಪ್ಪನ ಮುಖ ಸಣ್ಣಗಾಯಿತು. ಅವನು ಕರೆಂಟು ತೆಗೆದು ಸೆಲ್ಲು ಹಾಕಿ ನುಡಿಸಿದ. ಸದ್ದು ಮಾಯ! ಆದರೆ ಸೆಲ್ಲುಗಳು ಆ ತಾಲೀಮಿನಲ್ಲೇ ತೀರಿಹೋದವು, ಹಬ್ಬದ ಉದ್ದನೆಯ ಆರಾಧನೆಗೆ ಅವು ಸಾಲವು. ಅಡಾಪ್ಟರ್ ಬದಲಿಸಿ ನೋಡಿದರು. ಅದರ ವೈರನ್ನೂ ಗವಸಿಗೆ ತೂರಿಸಿದರು. ಮತ್ತೆ ಗುಂಯ್. ನನಗೆ ಬಾಯಿದ್ದರೆ ಕೂಗಿ ಹೇಳುತ್ತಿದ್ದೆ. ಬೇರೆಯವರ ದನಿ ಮುಟ್ಟಿಸುವವನಿಗೆ ಸ್ವಂತ ದನಿಯಿಲ್ಲ, ಏನು ಮಾಡಲಿ?

ಹಬ್ಬದ ಹಿಂದಿನ ದಿನ ಹೆಂಗಸರು ಕುಂಬಳಕಾಯಿ, ಜೋಳದ ತೆನೆಗಳನ್ನು ಜೋಡಿಸುತ್ತಿದ್ದರು. ರಾಹೇಲ ಹಳೆಯ ವೈರನ್ನೇ ಮತ್ತೊಮ್ಮೆ ನೋಡೋಣವೆಂದು ಗವಸಿಲ್ಲದೆ ನನಗೆ ಸಿಕ್ಕಿಸಿದಳು. ಸದ್ದಿಲ್ಲ. ವೈರನ್ನು ಎಳೆದು ಅಡಾಪ್ಟರಿನ ವೈರಿರುವ ಗವಸಿಗೆ ಒತ್ತಿಟ್ಟಳು. ಗುಂಯ್. ದೂರ ಸರಿಸಿದಳು. ಸದ್ದಿಲ್ಲ. ಎರಡು ವೈರು ಮೈಗೆ ಮೈ ತಾಗಿಸಿಕೊಂಡು ಮಲಗಿದ್ದೇ ಎಲ್ಲದರ ಮೂಲ. ಕರೆಂಟಿನ ವೈರಿನ ಗುಂಯ್‌ಗುಟ್ಟುವಿಕೆ ನನ್ನ ವೈರಿಗೆ ಅಂಟಿಕೊಳ್ಳುತ್ತಿತ್ತು.

ಅವಳ ಮುಖ ಅರಳಿತು, ಮರುಕ್ಷಣ ಬಾಡಿತು. ದೀನವ್ವ ಎದುರಿನ ಬೆಂಚಿನಲ್ಲೇ ಕೂತಿದ್ದಳು. ರಾಹೇಲ ಏನೂ ಕಾಣದವಳಂತೆ ವೈರನ್ನು ಸುತ್ತತೊಡಗಿದಳು.

"ಯಾಕ ಮುಚ್ಚಿಡ್ತೀಯವ್ವಾ? ನಾ ನೋಡೀನಿ," ಎಂದಳು ದೀನವ್ವ. "ಕತ್ತರಿ ತಾ ಇಲ್ಲೆ."

"ಬ್ಯಾಡ ಆಯಿ. ನಾ ದವಾಖಾನ್ಯಾಗ ಬಿದ್ದಾಗ ನನಗಂತ ಹೆಣದೀರಿ."

"ನೀ ಹಾಡ್ಲಿ ಅಂತ ಹೆಣದೆ. ಹಾಡಾಕ ಅಡ್ಡ ಬಂದ್ರ ಅದು ಯಾತಕ್ಕ ಬೇಕು?"

ತಾನೇ ಹೆಣೆದ ಗವಸನ್ನು ಆಕೆ ತಾನೇ ಉದ್ದಕ್ಕೂ ಕತ್ತರಿಸಿದಳು. ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು.

ಹಬ್ಬದ ದಿನ ನನ್ನ ವೈರು ಒಂದು ಗೋಡೆಯ ಬುಡದಲ್ಲಿ, ಅಡಾಪ್ಟರಿನದು ಇನ್ನೊಂದು ಗೋಡೆಯ ಬುಡದಲ್ಲಿ. ರಾಹೇಲ ಮೊದಲ ಸಾಲು ಹೇಳಿದಳು. ಸಣ್ಣ, ಒರಟು ದನಿ, ಆದರೆ ಒಂದೊಂದು ಅಕ್ಷರವೂ ಕಡೆಯ ಬೆಂಚಿಗೆ ಮುಟ್ಟಿತು. ಜನ ಎತ್ತಿಕೊಂಡರು. ನನ್ನ ಜೀವಮಾನದಲ್ಲಿ ಅಷ್ಟು ಎಚ್ಚರದಿಂದ ನಾನು ಯಾವ ದನಿಯನ್ನೂ ಹೊತ್ತಿರಲಿಲ್ಲ.

ಎರಡನೆಯ ಹಾಡಿನ ನಡುವೆ ಕರೆಂಟು ಹೋಯಿತು. ಕೀಬೋರ್ಡು ಸುಮ್ಮನಾಯಿತು, ನಾನು ಅವಳ ಕೈಯಲ್ಲಿ ಬರೀ ಕಬ್ಬಿಣದ ತುಂಡಾದೆ. ನನ್ನನ್ನು ಹಳೇ ಮಾಲೆಂದಿದ್ದ ಹಿರಿಯರು ಅವಳತ್ತ ನೋಡಿದರು. ಬೇರೆಯವರನ್ನು ಎಬ್ಬಿಸುತ್ತಾರೆ, ಮುಗಿಯಿತು, ಅಂದುಕೊಂಡೆ. ರಾಹೇಲ ಕೂರಲಿಲ್ಲ. ಮುಂದಿನ ಸಾಲನ್ನು ಹಾಗೇ, ತನಗಿದ್ದಷ್ಟೇ ದನಿಯಲ್ಲಿ ಹೇಳಿದಳು. ಹಿಂದಿನವರಿಗೆ ಅದು ಕೇಳಲಿಲ್ಲ. ಆಗ ಕಡೆಯ ಬೆಂಚಿನ ಮುದುಕನೊಬ್ಬ ಎದ್ದು, ಕೋಲೂರಿಕೊಂಡು ಮುಂದೆ ಬಂದು ಅವಳ ಕಾಲ ಬಳಿ ಕೂತ. ಅವನ ಹಿಂದೆ ಉಳಿದವರೂ ಎದ್ದರು. ಕುಂಬಳಕಾಯಿಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡಿಕೊಂಡು ಇಡೀ ಸಭೆ ಅವಳ ಸುತ್ತ ಸೇರಿತು. ಅವಳು ಸಾಲು ಹೇಳುವಾಗ ಮಕ್ಕಳೂ ಮಿಸುಕಲಿಲ್ಲ.

ಈಗ ನಾನು ಚರ್ಚಿನ ಕಪಾಟಿನಲ್ಲಿದ್ದೇನೆ. ಜಾಲರಿ ತಗ್ಗಾಗಿದೆ, ಗುಂಡಿ ಸಡಿಲಾಗಿದೆ. ವೈರೇ ಬೇಡದ ಹೊಸ ಮೈಕುಗಳು ಬಂದಿವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಹೊಟ್ಟೆಕಿಚ್ಚಿಲ್ಲ. ದನಿಯನ್ನು ಮುಟ್ಟಿಸುವುದು ನನ್ನೊಬ್ಬನ ಕೆಲಸವೆಂದು ತಿಳಿದಿದ್ದೆ, ಕೇಳುವವರು ಎದ್ದು ಬಂದರೂ ಅದು ಮುಟ್ಟುತ್ತದೆ. ಕಪಾಟಿನ ಬಾಗಿಲ ಸಂದಿಯಿಂದ ಪ್ರತಿ ಭಾನುವಾರ ನೋಡುತ್ತೇನೆ. ರಾಹೇಲ ಸಾಲು ಹೇಳಲು ನಿಂತಳೆಂದರೆ, ಕರೆಂಟು ಇದ್ದರೂ, ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದು ಕೂರುತ್ತಾರೆ.