ಕಲ್ಯಾಣದ ಬಾಗಿಲು

ಚರ್ಚಿನಲ್ಲಿ ಹೊಸ ವರ್ಷದ ಮೊದಲ ಬಲಿಪೂಜೆ ಮುಗಿಯುವ ಹೊತ್ತಿಗೆ ಹುಮನಾಬಾದಿನ ಜಯಮಾಲಾಳ ಮೈಯೆಲ್ಲ ಉರಿಯುತ್ತಿತ್ತು. ಜ್ವರದಿಂದಲ್ಲ, ಸಿಟ್ಟಿನಿಂದ. ಫಾದರ್ ಪೀಠದ ಮುಂದೆ ನಿಂತು ಪಟ್ಟಿ ಓದಿದ್ದರು. ಡಿಸೆಂಬರ್ ತಿಂಗಳೆಲ್ಲ ಹುಮನಾಬಾದಿನ ಮನೆಗಳನ್ನು ಸುತ್ತಿದ ಮರಿಯಮ್ಮನವರ ಪ್ರತಿಮೆ ಇಂದು ಬಸವಕಲ್ಯಾಣಕ್ಕೆ ಹೋಗಬೇಕು. ಇಲ್ಲಿಯ ಕೊನೆಯ ಮನೆ ಜಯಮಾಲಾಳದು, ಅಲ್ಲಿಯ ಮೊದಲ ಮನೆ ಶಕುಂತಲಾಬಾಯಿಯದು.

ಶಕುಂತಲಾಬಾಯಿ ಎಂದರೆ ಜಯಮಾಲಾಳ ಗಂಡ ಪ್ರಭುದಾಸನ ಒಡಹುಟ್ಟಿದ ಅಕ್ಕ. ಆ ಹೆಸರನ್ನು ಜಯಮಾಲಾ ಬಾಯಿಗೆ ತಂದು ಐದು ವರ್ಷವಾಗುತ್ತ ಬಂದಿತ್ತು. ಹೇಳಲೇಬೇಕಾಗಿ ಬಂದರೆ "ಕಲ್ಯಾಣದಾಕಿ" ಎಂದು ಹೇಳಿ ಮೋರೆ ಆ ಕಡೆ ತಿರುಗಿಸುತ್ತಿದ್ದಳು.

ಕಾರಣವಿಲ್ಲದೆ ಅಲ್ಲ. ಕೊರೋನಾದ ಎರಡನೆಯ ವರ್ಷ, ಮೇ ತಿಂಗಳ ಸುಡುಬಿಸಿಲಿನಲ್ಲಿ ಪ್ರಭುದಾಸ ದವಾಖಾನೆಯಲ್ಲಿ ಮೂರು ದಿನ ಒದ್ದಾಡಿ ಸತ್ತ. ಅದೇ ದವಾಖಾನೆಯಲ್ಲಿ ಜಯಮಾಲಾ ಆಯಾ ಆಗಿದ್ದಳು. ತನ್ನನ್ನು ಅವನ ವಾರ್ಡಿನ ಒಳಗೆ ಬಿಡಲಿಲ್ಲ ಎಂದು ಆಕೆ ಎಲ್ಲರಿಗೂ ಹೇಳಿದ್ದಳು, ಎಲ್ಲರೂ ಅಯ್ಯೋ ಎಂದಿದ್ದರು. ಮಣ್ಣು ಮಾಡಲು ಹೆಣವನ್ನು ಅವನ ಹುಟ್ಟೂರಾದ ಕಲ್ಯಾಣಕ್ಕೆ ಒಯ್ದಾಗ, ಹುಟ್ಟಿದ ಮನೆಯ ಮುಂದೆ ಆಂಬುಲೆನ್ಸ್ ಎರಡು ನಿಮಿಷ ನಿಂತಿತು. ಹೆಣ ಹುಟ್ಟಿದ ಮನೆಯ ಬಾಗಿಲಿಗೆ ಬಂದರೆ ಮನೆಯವರು ಹೊರಗೆ ಬಂದು ಒಂದು ನಮೋ ಮರಿಯಾ ಜಪ ಹೇಳಿ ಕಳಿಸುವುದು ಅವರ ಪೈಕಿ ನಡೆದು ಬಂದದ್ದು. ಆ ಮನೆಯಲ್ಲಿ ಇದ್ದದ್ದು ಶಕುಂತಲಾಬಾಯಿ ಒಬ್ಬಳೇ. ಬಾಗಿಲು ತೆರೆಯಲಿಲ್ಲ. ಜಯಮಾಲಾ ಬಡಿದಳು, ಕೂಗಿದಳು. ಒಳಗಿನಿಂದ ಚಿಲಕ ಬಿದ್ದ ಸಪ್ಪಳ ಕೇಳಿಸಿತು, ಅಷ್ಟೇ.

ಆ ಸಪ್ಪಳ ಕೇಳಿದ ಕಿವಿಯನ್ನು ಇಟ್ಟುಕೊಂಡೇ ಜಯಮಾಲಾ ಅಲ್ಲಿಂದ ಮುಂದೆ ಬದುಕಿದಳು. ಬದುಕಿದ ರೀತಿಯನ್ನು ಮಾತ್ರ ಊರು ಕೊಂಡಾಡುತ್ತಿತ್ತು. ಆಯಾ ಕೆಲಸ ಮುಗಿಸಿ ಮನೆಗೆ ಹೋಗದೆ, ಹಾಸಿಗೆ ಹಿಡಿದ ಮುದುಕಿಯರ ಬೆನ್ನು ತೊಳೆಯಲು ಓಣಿ ಓಣಿ ತಿರುಗುವಳು. ಯಾರ ಜಾತಿ ಯಾವುದೆಂದು ಕೇಳಿದವಳಲ್ಲ. ದಿಕ್ಕಿಲ್ಲದವರ ಹೆಣಕ್ಕೂ ನೀರು ಹಾಕುವಳು. ಚರ್ಚಿನ ಸ್ತ್ರೀ ಸಂಘದವರು ಈ ಸಲದ ಹೊಸ ವರ್ಷಕ್ಕೆ "ವಿಶ್ವಾಸ, ಸೇವೆ, ನವೀಕರಣ" ಎಂದು ದೊಡ್ಡ ಬ್ಯಾನರ್ ಮಾಡಿಸಿದ್ದರು. ನವೀಕರಣ ಎಂದರೆ ರೇಷನ್ ಕಾರ್ಡಿನದಿರಬೇಕು ಎಂದು ಅರ್ಧ ಹೆಂಗಸರು ತಿಳಿದಿದ್ದರೆ ಅವರ ತಪ್ಪೇನೂ ಇಲ್ಲ. ಆದರೆ ಸೇವೆ ಎಂದರೆ ಯಾರು ಎಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಬ್ಯಾನರಿನ ನಡುವೆ ಜಯಮಾಲಾಳ ಫೋಟೋ ಇತ್ತು.

ಫಾದರ್ ಮಂಗಳೂರು ಕಡೆಯ ತರುಣ, ಈ ಊರಿಗೆ ಬಂದು ಎಂಟೇ ತಿಂಗಳು. ಯಾರೋ ಕಿವಿಯಲ್ಲಿ ಹೇಳಿದ ಮೇಲೆ ಅವರಿಗೆ ಸಂಗತಿ ಗೊತ್ತಾಗಿ ಗಾಬರಿಯಾಯಿತು.

"ನಿಮಗೆ ಕಷ್ಟವಾದರೆ ಬೇಡ ಅಮ್ಮ. ಮನೀಷಾ ಹೊತ್ತುಕೊಂಡು ಹೋಗಲಿ," ಎಂದರು. ಮನೀಷಾ ಸಂಘದ ಕಾರ್ಯದರ್ಶಿ, ಬಾಲವಾಡಿಯ ಟೀಚರ್. ಜಯಮಾಲಾಳನ್ನು ನೋಡಿ ನೋಡಿಯೇ ಸೇವೆಗೆ ಇಳಿದ ಹುಡುಗಿ.

"ನಾನ ಹೊರತೀನ್ರಿ ಫಾದರ್," ಎಂದಳು ಜಯಮಾಲಾ. "ನನ್ನ ಮನೀಲಿಂದ ಹೊಂಟ ತಾಯಿನ್ನ ಮತ್ತೊಬ್ಬರ ಕೈಯಾಗ ಯಾಕ ಕೊಡ್ಲಿ?"

ಫಾದರ್ ಕಣ್ಣು ಒದ್ದೆ ಮಾಡಿಕೊಂಡು ಆಶೀರ್ವದಿಸಿದರು. ಪಾಪ, ಇದು ಕ್ಷಮೆ ಎಂದುಕೊಂಡರು. ಜಯಮಾಲಾಳ ತಲೆಯಲ್ಲಿದ್ದದ್ದೇ ಬೇರೆ. ಪ್ರತಿಮೆ ಒಪ್ಪಿಸುವುದಕ್ಕೆ ಒಂದು ಪದ್ಧತಿಯಿತ್ತು. ತಂದವಳು ಹೊಸ್ತಿಲ ಹೊರಗೆ ನಿಂತು "ಈ ಮನೆಗೆ ಶಾಂತಿ" ಎನ್ನಬೇಕು. ಅಂದ ಮೇಲೆಯೇ ಮನೆಯಾಕೆ ಕೈ ಚಾಚಬೇಕು. ಜಯಮಾಲಾ ಆ ಮಾತು ಅನ್ನುವವಳಲ್ಲ. ಮೊದಲು ಕಲ್ಯಾಣದಾಕಿ ಸಂಘದ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು: ತಮ್ಮನ ಹೆಣಕ್ಕೆ ಬಾಗಿಲು ಹಾಕಿದೆ ಎಂದು. ಹೇಳದಿದ್ದರೆ ತಾಯಿ ಬಂದ ಬಸ್ಸಿನಲ್ಲೇ ವಾಪಸ್. ಮರಿಯಮ್ಮನೇ ಕಾಲಿಡದ ಮನೆ ಎಂದು ಎರಡೂ ಊರಿನಲ್ಲಿ ಆ ಮನೆಗೆ ಹೆಸರು ಬೀಳಲಿ. ಐದು ವರ್ಷದಲ್ಲಿ ದೇವರ ಹತ್ತಿರ ಆಕೆ ಕೇಳಿದ್ದು ಇದೊಂದೇ, ದೇವರು ಅದನ್ನು ಹೊಸ ವರ್ಷದ ದಿನವೇ ಕೈಗೆ ಕೊಟ್ಟಿದ್ದ.

ಸಂಘದ ಎಂಟು ಹೆಂಗಸರು ಮಧ್ಯಾಹ್ನದ ಬಸ್ಸು ಹತ್ತಿದರು. ಕಂಡಕ್ಟರ್ ಮಹೆಬೂಬ ಜಯಮಾಲಾಳನ್ನು ನೋಡಿದ್ದೇ ತಡ, ಮುಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿದ.

"ಏಳ್ರಿ, ಏಳ್ರಿ. ಈ ಬಾಯಿ ಯಾರಂತ ಗೊತ್ತೈತೇನು? ನಮ್ಮ ಅಮ್ಮಿ ಆರು ತಿಂಗಳ ಹಾಸಿಗೀ ಮ್ಯಾಲಿದ್ದಾಗ ಸೊಸ್ತ್ಯಾರ ಮೂಗ ಮುಚ್ಚಿಕೊಂಡ್ರು, ಈಕಿ ಮುಚ್ಚಿಕೊಳ್ಳಿಲ್ಲ," ಎಂದು ಬಸ್ಸಿಗೆಲ್ಲ ಕೇಳುವಂತೆ ಸಾರಿದ.

ಜಯಮಾಲಾ ಪ್ರತಿಮೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕ ಬಸ್ಸು ತೆವಳುತ್ತ ಸಾಗಿತು. ಹಿಂದಿನ ಸೀಟಿನಲ್ಲಿ ಹೆಂಗಸರು ಕೀರ್ತನೆ ಹಾಡುತ್ತಿದ್ದರು. ಆಕೆಯ ತುಟಿಯೂ ಅಲುಗುತ್ತಿತ್ತು, ಆದರೆ ಹೇಳುತ್ತಿದ್ದದ್ದು ಕೀರ್ತನೆಯಲ್ಲ. ಹೊಸ್ತಿಲಲ್ಲಿ ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಹರಿತ ಮಾಡಿಕೊಳ್ಳುತ್ತಿದ್ದಳು.

ಕಲ್ಯಾಣದ ಓಣಿಯಲ್ಲಿ ಆ ಮನೆಯ ಬಾಗಿಲು ಇವತ್ತು ಹಾರು ಹೊಡೆದಿತ್ತು. ಸಾರಿಸಿ ರಂಗೋಲಿ ಹಾಕಿ, ಚೌಕಟ್ಟಿಗೆ ಚೆಂಡುಹೂವಿನ ಮಾಲೆ ಕಟ್ಟಲಾಗಿತ್ತು. ನಡುವೆ ಶಕುಂತಲಾಬಾಯಿ ನಿಂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಬಿಳಿ ಸೀರೆ, ತಲೆಯ ಮೇಲೆ ಸೆರಗು. ಮುಖದ ಮೇಲೆ ಸ್ವಾಗತವೂ ಇರಲಿಲ್ಲ, ಅಳುಕೂ ಇರಲಿಲ್ಲ. ಮೂಗು ಥೇಟ್ ಪ್ರಭುದಾಸನದೇ. ಅದನ್ನು ಕಂಡು ಜಯಮಾಲಾಳಿಗೆ ಇನ್ನಷ್ಟು ರೇಗಿತು.

ಹಾಡು ನಿಂತಿತು. ಎಲ್ಲರೂ ಜಯಮಾಲಾಳ ಬಾಯಿ ನೋಡಿದರು.

"ಶಾಂತಿ ಅನ್ನೂದಿಲ್ಲ ನಾ," ಎಂದಳು ಆಕೆ. "ತಾಯಿನ್ನೂ ಕೊಡೂದಿಲ್ಲ. ಮೊದಲ ನೀ ಹೇಳು. ಈ ಬಾಗಿಲಾ ಯಾರಿಗೆ ಹಾಕಿದ್ದಿ? ಇವರೆಲ್ಲಾರ ಮುಂದ ಹೇಳು."

ಗಂಡನ ಅಕ್ಕನಿಗೆ ಮೊದಲ ಸಲ "ನೀ" ಅಂದಿದ್ದಳು. ಹೆಂಗಸರು ಹೌಹಾರಿದರು. "ಆಂಟಿ, ಇವತ್ತ ಬ್ಯಾಡ್ರಿ, ಹೊಸಾ ವರ್ಷದ ದಿನ," ಎಂದು ಮನೀಷಾ ತೋಳು ಹಿಡಿದಳು. ಜಯಮಾಲಾ ಕೊಡವಿದಳು. ನೆರೆಮನೆಯ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು.

ಶಕುಂತಲಾಬಾಯಿ ಕಣ್ಣು ಕೆಳಗಿಳಿಸಲಿಲ್ಲ.

"ನನ್ನ ತಮ್ಮಗ ಹಾಕಿದ್ದೆ," ಎಂದಳು, ಗಟ್ಟಿಯಾಗಿ, ಓಣಿಗೆ ಕೇಳುವಂತೆ. "ಅಂವನ ಹೆಣಾ ಇಲ್ಲೇ ನಿಂತಿತ್ತು. ನಾ ಒಳಗಿಂದ ಚಿಲಕಾ ಹಾಕಿದೆ. ಖರೇ ಐತಿ. ಆತೇನು? ಕೊಡು ಇನ್ನ."

ಐದು ವರ್ಷ ಕಾದದ್ದು ಐದು ನಿಮಿಷದಲ್ಲಿ ಸಿಕ್ಕಿಬಿಟ್ಟಿತು. ಜಯಮಾಲಾಳಿಗೆ ಕೈಗೆ ಬಂದದ್ದು ಏನೂ ಇಲ್ಲ ಅನ್ನಿಸಿತು. ಕಲ್ಯಾಣದಾಕಿ ಅಳಬೇಕಿತ್ತು, ಕಾಲಿಗೆ ಬೀಳಬೇಕಿತ್ತು, ಕಡೆಗೆ ಸುಳ್ಳಾದರೂ ಹೇಳಬೇಕಿತ್ತು. ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಉಳಿದ ಸಿಟ್ಟನ್ನು ಎಲ್ಲಿ ಸುರಿಯುವುದು?

"ಎಂಥಾ ಅಕ್ಕ ನೀ?" ಎಂದು ಜಯಮಾಲಾ ಕಿರುಚಿದಳು. "ಬೆನ್ನಿಗೆ ಬಿದ್ದ ತಮ್ಮ. ಮೂರು ದಿನ ಜೀವಾ ಹಿಡಕೊಂಡು ಒದ್ದಾಡಿದ. ಸತ್ತ ಮ್ಯಾಲಿಂದು ಬಿಡು, ಜೀವ ಇದ್ದಾಗರ ಒಂದ ಮಾತ ಕೇಳಿದಿಯೇನು? ಹ್ಯಾಂಗದಿಯಪ್ಪಾ ಅಂತ ಕೇಳಿದಿಯೇನು?"

ಶಕುಂತಲಾಬಾಯಿಯ ದವಡೆ ಬಿಗಿಯಿತು. ಹೊಸ್ತಿಲ ಮೇಲೆ ಒಂದು ಹೆಜ್ಜೆ ಮುಂದೆ ಬಂದಳು. ನಡುವೆ ಪ್ರತಿಮೆ, ಆ ಕಡೆ ಈಕೆ, ಈ ಕಡೆ ಆಕೆ. ಬಗ್ಗಿ ಜಯಮಾಲಾಳ ಕಿವಿಯ ಹತ್ತಿರ ಬಾಯಿ ತಂದಳು. ಮೂರನೆಯವರಿಗೆ ಕೇಳದ ಹಾಗೆ ಹೇಳಿದಳು.

"ಕೇಳಿದ್ದೆ. ಎರಡನೇ ದಿನಾ ಅಂವನೇ ಫೋನ್ ಮಾಡಿದ್ದ. 'ಅಕ್ಕಾ, ಜಯಮಾಲಾ ಕೆಳಗಿನ ವಾರ್ಡಿನ್ಯಾಗ ಇದ್ದಾಳ, ಮ್ಯಾಲೆ ಬರವಲ್ಲಳು. ಉಳಿದ ಆಯಾಗೋಳು ಬರಾಕತ್ತಾರ, ಆಕಿ ಬರವಲ್ಲಳು. ಗಂಟಲಾ ಒಣಗೇತಿ, ನೀ ಬಾ' ಅಂದ. ನಾನೂ ಹೋಗಲಿಲ್ಲ. ಜೀವ ಇದ್ದಾಗ ನೀರ ಕೊಡಾಕ ಹೋಗಲಾರದಾಕಿ, ಹೆಣದ ಮುಂದ ಯಾವ ಮಾರೀ ಹೊತ್ತು ನಿಂದರ್ಲಿ? ಅದಕ್ಕ ಬಾಗಿಲಾ ಹಾಕಿದೆ."

ಅಷ್ಟು ಹೇಳಿ ಹಿಂದೆ ಸರಿದು ಮೊದಲಿನ ಹಾಗೆಯೇ ನಿಂತಳು.

ಒಳಗೆ ಹೋಗಬೇಡ ಎಂದು ಯಾರೂ ಜಯಮಾಲಾಳನ್ನು ತಡೆದಿರಲಿಲ್ಲ. ಕಿಟ್ ಹಾಕಿಕೊಂಡು ಹೋಗು ಎಂದು ನರ್ಸಮ್ಮ ಎರಡು ಸಲ ಕರೆದಿದ್ದಳು. ಮೆಟ್ಟಿಲ ತನಕ ಹೋಗಿದ್ದಳು, ಮೇಲಿನಿಂದ ಕೆಮ್ಮಿನ ಸಪ್ಪಳ ಕೇಳಿ ತಿರುಗಿ ಬಂದಿದ್ದಳು. ಮೂರು ದಿನವೂ ಹಾಗೇ. ಸಾಯುವ ಹೆದರಿಕೆ. ಅದನ್ನು ಆಕೆ ಫಾದರ್ ಮುಂದೆ ಮಾಡುವ ಪಾಪನಿವೇದನೆಯಲ್ಲಿ ಕೂಡ ಹೇಳಿರಲಿಲ್ಲ. ಚಿಲಕದ ಸಪ್ಪಳವನ್ನು ದಿನಾ ನೆನೆಸಿಕೊಂಡರೆ ಮೆಟ್ಟಿಲು ನೆನಪಾಗುತ್ತಿರಲಿಲ್ಲ. ಓಣಿ ಓಣಿಯ ಮುದುಕಿಯರ ಬೆನ್ನು ತೊಳೆದದ್ದೂ ಆ ಮೆಟ್ಟಿಲಿನಿಂದ ಓಡುತ್ತಲೇ. ಶಕುಂತಲಾಬಾಯಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಎರಡೂ ಊರಿನ ಬೈಗುಳವನ್ನು ಒಬ್ಬಳೇ ತಿಂದು ಸುಮ್ಮನಿದ್ದಳು.

"ಏನಂದಳ್ರೀ ಆಂಟಿ?" ಎಂದು ಮನೀಷಾ ಕೇಳಿದಳು. "ನಿಮಗ ಏನರ ಅಂದಳೇನು?" ಆ ಹುಡುಗಿಯ ದನಿಯಲ್ಲಿ ಸಿಟ್ಟಿತ್ತು, ಜಯಮಾಲಾಳ ಪರವಾದ ಸಿಟ್ಟು.

ಏನೂ ಇಲ್ಲ ಎಂದರೆ ಮುಗಿಯುತ್ತಿತ್ತು. ಶಕುಂತಲಾಬಾಯಿ ಅದನ್ನು ಕಿವಿಯಲ್ಲಿ ಹೇಳಿದ್ದೇ ಅದಕ್ಕಾಗಿ. ಬ್ಯಾನರು ಹಾಗೇ ಇರುತ್ತಿತ್ತು, ಬಸ್ಸಿನಲ್ಲಿ ಸೀಟೂ ಸಿಗುತ್ತಿತ್ತು. ಜಯಮಾಲಾಳಿಗೆ ಆ ಉಪಕಾರವೇ ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು. ಈ ಹೆಂಗಸಿನ ಋಣದಲ್ಲಿ ಇನ್ನೊಂದು ದಿನ ಬದುಕುವುದು ಆಕೆಯಿಂದ ಸಾಧ್ಯವಿರಲಿಲ್ಲ.

"ನನ್ನ ಯಾರೂ ತಡದಿರ್ಲಿಲ್ಲ," ಎಂದಳು, ಹೆಂಗಸರ ಕಡೆ ತಿರುಗಿ. "ದವಾಖಾನ್ಯಾಗ ನಾನ ಒಳಗ ಹೋಗಲಿಲ್ಲ. ಅಂಜಿದೆ. ಅಂವ ನೀರಿಗೆ ಬಾಯಿ ಬಿಟ್ಟ, ನಾ ಕೆಳಗ ಕುಂತಿದ್ದೆ. ಇಷ್ಟ ವರ್ಷ ನಿಮಗೆಲ್ಲಾ ಸುಳ್ಳ ಹೇಳೀನಿ."

ಒಬ್ಬಾಕೆ ಶಿಲುಬೆಯ ಗುರುತು ಹಾಕಿಕೊಂಡಳು. ಮನೀಷಾ ಜಯಮಾಲಾಳ ಹತ್ತಿರ ನಿಂತಿದ್ದವಳು ಮೆಲ್ಲಗೆ ಎರಡು ಹೆಜ್ಜೆ ದೂರ ಹೋದಳು. ಆ ಎರಡು ಹೆಜ್ಜೆಯನ್ನು ಜಯಮಾಲಾ ನೋಡಿದಳು, ನೋವಾಯಿತು, ಆದರೂ ಎಷ್ಟೋ ವರ್ಷಗಳ ಮೇಲೆ ಉಸಿರು ಪೂರ್ತಿ ಒಳಗಿಳಿದಂತಾಯಿತು.

"ಹುಚ್ಚಿ ಅದಿ ನೀ," ಎಂದಳು ಶಕುಂತಲಾಬಾಯಿ, ಹಲ್ಲು ಕಚ್ಚಿ. "ನಾ ಕಿವ್ಯಾಗ ಹೇಳಿದ್ದು ಯಾಕ?"

"ನಿನ್ನ ಉಪಕಾರ ನನಗ ಬ್ಯಾಡ."

"ನಿನಗ ಉಪಕಾರ ಮಾಡಾಕ ನನಗೇನ ಹುಚ್ಚ ಹಿಡದೈತೇನು?"

ಇಬ್ಬರೂ ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡಿಕೊಂಡರು. ಆಗ ಜಯಮಾಲಾಳಿಗೆ ಒಂದು ವಿಚಾರ ಹೊಳೆಯಿತು. ತಾನು ಮೇಲೆ ಹೋಗಲಿಲ್ಲ. ಗಂಡ ಕೊನೆಗೆ ಏನಂದ ಎಂಬುದು ತನಗೆ ತಿಳಿಯದು. ಜಗತ್ತಿನಲ್ಲಿ ಅದು ಗೊತ್ತಿದ್ದವಳು ಈಕೆ ಒಬ್ಬಳೇ, ಈಕೆಯ ಮುಖವನ್ನೇ ತಾನು ಐದು ವರ್ಷ ನೋಡಿರಲಿಲ್ಲ.

"ಅಕ್ಕಾವ್ರ," ಎಂದಳು. ದನಿ ಆಕೆಯದೇ ಅನ್ನಿಸಲಿಲ್ಲ. "ಫೋನಿನ್ಯಾಗ ಮತ್ತ ಏನಂದ್ರು ಅವರು?"

ಶಕುಂತಲಾಬಾಯಿ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಹೇಳಲು ಮನಸ್ಸಿಲ್ಲದ್ದು ಮುಖದ ಮೇಲೆ ಕಾಣುತ್ತಿತ್ತು.

"'ಆಕಿಗೆ ಬೈಬ್ಯಾಡ ಅಕ್ಕಾ' ಅಂದ. 'ಪಾಪ, ಮೊದಲಿಂದ ಅಂಜೂ ಸ್ವಭಾವ ಆಕೀದು. ಯಾರ ಮುಂದೂ ಹೇಳಬ್ಯಾಡ' ಅಂದ. ಅದಕ್ಕ ಸುಮ್ಮ ಇದ್ದೆ. ನಿನ್ನ ಮ್ಯಾಲಿನ ಪ್ರೀತಿಗಲ್ಲ, ತಿಳಕೋ. ಇವತ್ತ ನೀ ಅಂವನ ಮಾತ ಮುರಿಸಿದಿ."

ಜಯಮಾಲಾ ಪ್ರತಿಮೆಯನ್ನು ಎದೆಗೆ ಅವುಚಿಕೊಂಡು ಅಲ್ಲಿಯೇ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಏಳು, ಮಂದಿ ನೋಡಾಕತ್ತಾರ ಎಂದು ಶಕುಂತಲಾಬಾಯಿ ಗದರಿಸಿದಳು. ಆಕೆ ಏಳಲಿಲ್ಲ. ಗಂಡ ಸತ್ತ ಮೇಲೆ ಮೊದಲ ಸಲ, ಸಿಟ್ಟಿಲ್ಲದೆ, ಅವನಿಗಾಗಿ ಅತ್ತಳು.