ಹಿಂದಿನ ಓಣಿಯ ರಿಪೇರಿ ಅಂಗಡಿ

ಕೆಲಸ ಗೊತ್ತಿದೆ, ಕೈ ಚೆನ್ನಾಗಿದೆ, ಅಂಗಡಿಯ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುತ್ತದೆ. ಆದರೂ ಗಿರಾಕಿ ಇಲ್ಲ. ಇಂಥ ಅಂಗಡಿ ನಿಮ್ಮ ಬೀದಿಯಲ್ಲೂ ಒಂದಿರಬಹುದು. ಅದು ನಿಮ್ಮದೇ ಆಗಿದ್ದರೆ, ರಿಪೇರಿ ಯಜಮಾನರ ಈ ಕಥೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿ.

ಯಜಮಾನರು ಇಪ್ಪತ್ತೆಂಟು ವರ್ಷ ದೊಡ್ಡ ರಸ್ತೆಯಲ್ಲಿ, ಬಸ್ ನಿಲ್ದಾಣದ ಎದುರಿಗೇ, ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದವರು. ಅವರ ಕೈಗೆ ಬಂದ ಫ್ಯಾನು ತಿರುಗದೆ ವಾಪಸ್ ಹೋದದ್ದಿಲ್ಲ ಎಂದು ಜನ ಹೇಳುತ್ತಿದ್ದರು. ರಸ್ತೆ ಅಗಲ ಮಾಡುವಾಗ ಆ ಕಟ್ಟಡ ಹೋಯಿತು. ಯಜಮಾನರು ಬೇರೆ ಮಳಿಗೆ ಹುಡುಕದೆ, ಹಿಂದಿನ ಓಣಿಯಲ್ಲಿದ್ದ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬೆಂಚು ಹಾಕಿಕೊಂಡು ಕೂತರು. ಜೊತೆಗೆ ಸೊಸೆಯೂ ಕೂತಳು. ಮಗ ಬಸ್ ಡ್ರೈವರು, ಅವನಿಗೆ ಸ್ಕ್ರೂಡ್ರೈವರ್ ಹಿಡಿಯಲೂ ಬೇಸರ. ಸೊಸೆ ಹಾಗಲ್ಲ. ಮದುವೆಯಾಗಿ ಬಂದ ಎರಡನೇ ವರ್ಷಕ್ಕೇ ಮೋಟಾರಿಗೆ ತಂತಿ ಸುತ್ತುವುದನ್ನು ಮಾವನಿಂದ ಕಲಿತಿದ್ದಳು.

ಎಂಟು ತಿಂಗಳು ಕಳೆಯಿತು. ದೊಡ್ಡ ರಸ್ತೆಯಲ್ಲಿದ್ದಾಗ ಬೆಂಚಿನ ಮೇಲೆ ಮಿಕ್ಸಿಗಳಿಗೆ ಜಾಗ ಸಾಲದೆ ನೆಲದ ಮೇಲೆ ಇಡುತ್ತಿದ್ದರು. ಈಗ ಬೆಂಚಿನ ಮೇಲೆ ಯಜಮಾನರ ಕನ್ನಡಕ, ಒಂದು ಸೋಲ್ಡರಿಂಗ್ ಕಡ್ಡಿ, ಆಗಾಗ ಬಂದು ಮಲಗುವ ಪಕ್ಕದ ಮನೆಯ ಬೆಕ್ಕು.

"ದಿನಾ ತಪ್ಪದೆ ಬರೋ ಗಿರಾಕಿ ಅಂದ್ರೆ ಇದೊಂದೇ. ಇದಕ್ಕೂ ಏನೂ ಕೆಟ್ಟಿಲ್ಲ," ಎಂದು ಅವರ ಹೆಂಡತಿ ತಮಾಷೆ ಮಾಡಿದರೆ ಯಜಮಾನರು ನಗುತ್ತಿರಲಿಲ್ಲ. ಗೋದಾಮೊಂದರಲ್ಲಿ ಕಾವಲುಗಾರರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದ್ದರು. ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ತನ್ನದೇನೋ ಆಯಿತು, ಹೇಗೋ ಕಳೆಯುತ್ತದೆ. ಆದರೆ ಈ ಹುಡುಗಿ ಇಷ್ಟು ಆಸ್ಥೆಯಿಂದ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಒಳಗೊಳಗೇ ಬೇಯುತ್ತಿದ್ದರು.

"ಮಾವ, ನಾವು ಇಲ್ಲಿದ್ದೀವಿ ಅಂತ ಜನಕ್ಕೆ ಹೇಳೋಣ," ಎಂದು ಸೊಸೆ ಎಷ್ಟೋ ಸಲ ಹೇಳಿದ್ದಳು.

"ಹೇಳೋದೇನಮ್ಮ? ಕೆಲಸ ಬಾರದವನು ಕೂಗ್ತಾನೆ. ತುಂಬಿದ ಕೊಡ ತುಳುಕಲ್ಲ."

"ತುಳುಕೋದು ಬೇಡ ಮಾವ. ಆದ್ರೆ ಕೊಡ ಎಲ್ಲಿಟ್ಟಿದೆ ಅಂತ ಬಾಯಾರಿದವರಿಗೆ ಗೊತ್ತಾಗಬೇಕಲ್ವಾ?"

ಯಜಮಾನರ ಹತ್ತಿರ ಅದಕ್ಕೂ ಉತ್ತರವಿತ್ತು. ಮೂರು ತಿಂಗಳ ಹಿಂದೆ ಮಗ ಉತ್ಸಾಹದಿಂದ ಸಾವಿರ ಕರಪತ್ರ ಮಾಡಿಸಿ, ತನ್ನ ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಹಂಚಿದ್ದ. ಹತ್ತಿದವರಲ್ಲಿ ಮುಕ್ಕಾಲು ಪಾಲು ಬೇರೆ ಊರಿನವರು. ಒಬ್ಬನೂ ಬರಲಿಲ್ಲ. ಒಂದು ಸಂಜೆ ಯಜಮಾನರ ಹೆಂಡತಿ ತಂದ ಹುರಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿದರೆ, ಎಣ್ಣೆ ಜಿಡ್ಡಿನ ನಡುವೆ ತಮ್ಮದೇ ಅಂಗಡಿಯ ಹೆಸರು! ಆ ಕಾಗದವನ್ನು ಯಜಮಾನರು ಮಡಚಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಪ್ರಚಾರದ ಮಾತು ಬಂದಾಗಲೆಲ್ಲ ತೆಗೆದು ತೋರಿಸುತ್ತಿದ್ದರು.

"ನೋಡು, ನಮ್ಮ ದುಡ್ಡಲ್ಲಿ ಊರವರು ಕಡಲೆಕಾಯಿ ತಿಂದ್ರು. ಅಷ್ಟೇ ಆಗಿದ್ದು."

ಸೊಸೆ ನಕ್ಕು ಬೆಂಚು ಒರೆಸಲು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನರು ಹೆಂಡತಿಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದರು. ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದವರೇ ಬೆಚ್ಚಿದರು. ಹಳೆಯ ಗಿರಾಕಿ, ಶಾಲೆಯಿಂದ ನಿವೃತ್ತರಾದ ಟೀಚರಮ್ಮ.

"ಅಯ್ಯೋ! ನೀವು... ನೀವು ಇದ್ದೀರಾ?"

"ಇದ್ದೀನಲ್ಲ ಟೀಚರಮ್ಮ! ಯಾಕೆ?"

ಅವರು ಸಂಕೋಚದಿಂದ ಸೆರಗು ಸರಿಮಾಡಿಕೊಂಡರು. "ಬೇಜಾರು ಮಾಡ್ಕೋಬೇಡಿ. ಅಂಗಡಿ ಒಡೆದ ಮೇಲೆ ನೀವು ಕಾಣಲೇ ಇಲ್ಲ. ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂದ್ರು. ಒಬ್ರಂತೂ, ಪಾಪ, ಅವರು ಹೋಗ್ಬಿಟ್ರು ಅಂದ್ರು. ಎಲ್ಲಿಗೆ ಅಂತ ನಾನೂ ಕೇಳಲಿಲ್ಲ."

ಸಾಲಿನಲ್ಲಿದ್ದವರು ನಕ್ಕರು. ಯಜಮಾನರೂ ನಕ್ಕರು. ಆದರೆ ಟೀಚರಮ್ಮನ ಮುಂದಿನ ಮಾತಿಗೆ ಆ ನಗು ಹಾಗೇ ನಿಂತಿತು.

"ನಮ್ಮಮ್ಮನ ಮಂಚದ ಹತ್ರ ಇದ್ದ ಟೇಬಲ್ ಫ್ಯಾನು, ನೆನಪಿದೆಯಾ? ನೀವೇ ಎರಡು ಸಲ ಸರಿ ಮಾಡಿದ್ರಿ. ಹೋದ ವಾರ ಗುಜರಿಗೆ ಹಾಕಿಬಿಟ್ಟೆ."

"ಏನಾಗಿತ್ತು ಅದಕ್ಕೆ?"

"ಸ್ವಿಚ್ ಹಾಕಿದ್ರೆ ಗುಂಯ್ ಅನ್ನೋದು, ತಿರುಗ್ತಿರಲಿಲ್ಲ. ಕೈಯಲ್ಲಿ ತಳ್ಳಿದ್ರೆ ನಿಧಾನಕ್ಕೆ ತಿರುಗೋದು. ಹೊಸ ಅಂಗಡಿಯವನು, ಇದು ಮುಗೀತು, ಹೊಸದು ತಗೊಳ್ಳಿ ಅಂದ."

"ಅದು ಕೆಪಾಸಿಟರ್ ಅನ್ನೋ ಸಣ್ಣ ಬಿಡಿಭಾಗ ಹೋಗಿರೋದು ಟೀಚರಮ್ಮ. ಹತ್ತು ನಿಮಿಷದ ಕೆಲಸ."

"ನೀವಿದ್ದೀರಿ ಅಂತ ಗೊತ್ತಿದ್ರೆ ತರ್ತಿದ್ದೆ," ಎಂದರು ಟೀಚರಮ್ಮ. ಆ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಅವರು ಔಷಧಿಯ ಚೀಟಿ ತಿರುಗಿಸಿ ಪೆನ್ನು ತೆಗೆದು, "ಫೋನ್ ನಂಬರ್ ಹೇಳಿ," ಎಂದರೆ, ಯಜಮಾನರಿಗೆ ತಮ್ಮ ನಂಬರೇ ಬಾಯಿಗೆ ಬರಲಿಲ್ಲ!

ಮನೆಗೆ ಹೋಗುವ ಐದು ನಿಮಿಷದ ದಾರಿಗೆ ಅವತ್ತು ಅರ್ಧ ಗಂಟೆ ಹಿಡಿಯಿತು. ಯಜಮಾನರು ಯೋಚಿಸುತ್ತಾ ನಡೆದರು. ಇಷ್ಟು ದಿನ ಸುಮ್ಮನಿದ್ದದ್ದನ್ನು ಅವರು ಮರ್ಯಾದೆ ಎಂದುಕೊಂಡಿದ್ದರು. ಜನ ತನ್ನನ್ನು ಮರೆತರು ಎಂದು ಮನಸ್ಸಿನಲ್ಲೇ ಮುನಿಸಿಕೊಂಡಿದ್ದರು. ಆದರೆ ಈ ಹೆಂಗಸು ಮರೆತಿರಲಿಲ್ಲ, ಹುಡುಕಿದ್ದರು. ಸಿಗದೆ ಹೋದವನು ತಾನೇ. ಒಂದು ಒಳ್ಳೆಯ ಫ್ಯಾನು ಗುಜರಿ ಸೇರಿತು, ಒಬ್ಬರಿಗೆ ಬೇಡದ ಖರ್ಚಾಯಿತು. ತನ್ನ ಬಿಂಕದಿಂದ ಲಾಭವಾದದ್ದು ಯಾರಿಗೆ?

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಸೊಸೆಯನ್ನು ಕರೆದರು. "ಅಮ್ಮಾ, ನಾನು ಸತ್ತಿದ್ದೀನಂತೆ. ಬದುಕಿದ್ದೀನಿ ಅಂತ ಹೇಳೋಕೆ ಏನ್ ಮಾಡ್ಬೇಕು, ಹೇಳು. ಆದ್ರೆ ಸಾವಿರ ಕಾಗದ ಅಚ್ಚು ಹಾಕಿಸೋ ಮಾತು ಬೇಡ."

ಸೊಸೆ ಅವರನ್ನು ಓಣಿಯ ತಿರುವಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅಕ್ಕನ ಬಳಿ ಕರೆದುಕೊಂಡು ಹೋದಳು. ಅಕ್ಕ ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಸಣ್ಣ ವ್ಯಾಪಾರ ನಡೆಸುವವರಿಗೆಂದು ಸಂಘದಲ್ಲಿ ನಡೆದ ತರಬೇತಿಗೆ ಹೋಗಿ ಬಂದವರು. ಯಜಮಾನರು ಹೇಳಿದ್ದನ್ನೆಲ್ಲ ಕೇಳಿ, ಮಷೀನು ಆರಿಸಿ ಎದ್ದರು.

"ಬನ್ನಿ ಯಜಮಾನ್ರೇ, ಕೂತು ಯೋಚನೆ ಮಾಡಿದ್ರೆ ಆಗಲ್ಲ."

ಮೂವರೂ ಹಳೆಯ ಅಂಗಡಿ ಇದ್ದ ಜಾಗಕ್ಕೆ ಬಂದರು. ಅಲ್ಲೀಗ ಬರೀ ಕಾಲುದಾರಿ.

"ಈಗ ನೀವು ಯಜಮಾನ್ರಲ್ಲ, ಕೆಟ್ಟ ಮಿಕ್ಸಿ ಹಿಡ್ಕೊಂಡು ಬಂದಿರೋ ಗಿರಾಕಿ. ನಿಮ್ಮ ಅಂಗಡಿ ಎಲ್ಲಿ ಅಂತ ಹುಡುಕಿ."

ಯಜಮಾನರು ಸುತ್ತ ನೋಡಿದರು. ಬ್ಯಾಂಕು ಕಂಡಿತು, ಚಹಾ ಅಂಗಡಿ ಕಂಡಿತು. ಓಣಿಯ ಬಾಯಿ ಮಾತ್ರ ನಿಲ್ಲಿಸಿದ ಬೈಕುಗಳ ಹಿಂದೆ ಮರೆಯಾಗಿತ್ತು. ಒಳಗೆ ಮನೆಯ ಮುಂದೆ ಒಂದು ಬೋರ್ಡು ಇತ್ತೇನೋ ನಿಜ. ಅದರ ಮೇಲೆ ದೊಡ್ಡದಾಗಿ ಅವರ ತಂದೆಯ ಹೆಸರು, ಕೆಳಗೆ 'ಅಂಡ್ ಸನ್ಸ್'. ರಿಪೇರಿ ಎಂಬ ಪದವೇ ಇರಲಿಲ್ಲ.

"ನನಗೇ ಸಿಗ್ತಿಲ್ಲವಲ್ಲಮ್ಮ!" ಎಂದರು ಮೆಲ್ಲಗೆ.

"ಪ್ರಚಾರ ಅಂದ್ರೆ ಹೊಗಳಿಕೊಳ್ಳೋದಲ್ಲ," ಅಂದರು ಅಕ್ಕ. "ನಿಮ್ಮನ್ನ ಹುಡುಕ್ತಿರೋರಿಗೆ ದಾರಿ ತೋರಿಸೋದು. ಅದಕ್ಕೆ ದೊಡ್ಡ ಖರ್ಚು ಬೇಕಿಲ್ಲ."

ಅವತ್ತೇ ಹಳೆಯ ಮರದ ಹಲಗೆಗೆ ಬಣ್ಣ ಬಿತ್ತು. 'ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ', ಕೆಳಗೆ ಫೋನ್ ನಂಬರು, ಪಕ್ಕದಲ್ಲೊಂದು ಬಾಣದ ಗುರುತು. ಚಹಾ ಅಂಗಡಿಯವನನ್ನು ಕೇಳಿ ಅವನ ಕಂಬಕ್ಕೆ ಕಟ್ಟಿದರು. ಅವನ ಹಾಲು ಕಾಯಿಸುವ ಕರೆಂಟ್ ಒಲೆಯ ಸ್ವಿಚ್ಚು ಸರಿಮಾಡಿಕೊಟ್ಟದ್ದೇ ಬಾಡಿಗೆ.

ಮಾರನೇ ದಿನ ಸೊಸೆ ಹಳೆಯ ನೋಟ್‌ಬುಕ್ ತೆಗೆದಳು. ಸಾಮಾನು ರಿಪೇರಿಗೆ ಬಿಟ್ಟವರ ಹೆಸರು, ಫೋನ್ ನಂಬರು ಅದರಲ್ಲಿದ್ದವು. "ದಿನಕ್ಕೆ ಹತ್ತು ಜನಕ್ಕೆ ಫೋನ್ ಮಾಡಿ ಮಾವ. ಕೆಲಸ ಕೊಡಿ ಅಂತ ಕೇಳ್ಬೇಡಿ. ಎಲ್ಲಿದ್ದೀವಿ ಅಂತ ಹೇಳಿ, ಸಾಕು."

ಮೊದಲ ನಂಬರನ್ನು ಯಜಮಾನರು ಎರಡು ಸಲ ತಪ್ಪಾಗಿ ಒತ್ತಿದರು. ಆದರೆ ಆ ಕಡೆಯವರು, "ಓ, ಯಜಮಾನ್ರಾ! ಚೆನ್ನಾಗಿದ್ದೀರಾ?" ಎಂದದ್ದೇ ತಡ, ಮಾತು ಮೊಣಕಾಲು ನೋವಿನಿಂದ ಹಿಡಿದು ಮೊಮ್ಮಕ್ಕಳವರೆಗೂ ಹೋಯಿತು. ಐದನೆಯವರ ಜೊತೆ ಮಾತು ಮುಗಿಯುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು: "ಅವಳು ಹತ್ತು ಜನ ಅಂದ್ಲು, ಹತ್ತು ಗಂಟೆ ಅನ್ನಲಿಲ್ಲ!"

ಎರಡು ವಾರ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸೊಸೆ ಫೋನಿನ ಸ್ಟೇಟಸ್‌ಗೆ ಹಾಕಿದ ಅಂಗಡಿಯ ಫೋಟೋಗಳನ್ನು ನೋಡಿದವರೆಲ್ಲ ಅವಳ ತವರಿನವರೇ. ಯಜಮಾನರ ಕೈ ಮತ್ತೆ ಕಡಲೆಕಾಯಿ ಪೊಟ್ಟಣದ ಕಾಗದದ ಕಡೆ ಹೋಯಿತು. ಜೆರಾಕ್ಸ್ ಅಕ್ಕ ತಡೆದರು. "ಇವತ್ತು ಫೋನ್ ಮಾಡಿದ್ರಿ ಅಂತ ಇವತ್ತೇ ಯಾರ ಮಿಕ್ಸಿನೂ ಕೆಡಲ್ಲ ಯಜಮಾನ್ರೇ. ಕೆಟ್ಟ ದಿನ ನಿಮ್ಮ ಹೆಸರು ನೆನಪಾಗ್ಬೇಕು. ಅಷ್ಟು ದಿನ ಕಾಯಿರಿ."

ಕಾಯುತ್ತ ಸುಮ್ಮನೆ ಕೂರಲಿಲ್ಲ. ಸೊಸೆ ಫೋನಿನ ಮ್ಯಾಪಿನಲ್ಲಿ ಅಂಗಡಿಯನ್ನು ಗುರುತು ಮಾಡಿ, ಬಾಗಿಲಿನ ಫೋಟೋ, ತೆರೆಯುವ ಹೊತ್ತು, ನಂಬರು ಹಾಕಿದಳು. ಅದಕ್ಕೆ ಕಾಸು ಖರ್ಚಾಗಲಿಲ್ಲ. "ನಮ್ಮ ಡಿಪೋದವರ ಹತ್ರ ಮ್ಯಾಪಲ್ಲಿ ಐವತ್ತು ಒಳ್ಳೆ ಮಾತು ಬರೆಸಿಬಿಡ್ತೀನಿ ಅಪ್ಪ," ಎಂದ ಮಗ.

"ಅವರು ಯಾವತ್ತಾದ್ರೂ ನಮ್ಮತ್ರ ರಿಪೇರಿ ಮಾಡಿಸಿದ್ದಾರಾ? ಸುಳ್ಳು ಹೊಗಳಿಕೆ ಬೇಡ ಕಣೋ. ಒಂದು ಸಲ ಸಿಕ್ಕಿಬಿದ್ರೆ ನಿಜಾನೂ ಯಾರೂ ನಂಬಲ್ಲ," ಎಂದುಬಿಟ್ಟರು ಯಜಮಾನರು. ಕೆಲಸ ಮೆಚ್ಚಿ ಹೋಗುವವರನ್ನು ಮಾತ್ರ, "ನಿಮಗೆ ಅನ್ನಿಸಿದ್ದು ಎರಡು ಸಾಲು ಬರೀರಿ," ಎಂದು ಸೊಸೆ ಕೇಳುತ್ತಿದ್ದಳು.

ಅಕ್ಕ ಒಂದೇ ಹಾಳೆಯಲ್ಲಿ ನಲವತ್ತು ಸಣ್ಣ ಚೀಟಿ ಅಚ್ಚು ಹಾಕಿಕೊಟ್ಟರು. ರಿಪೇರಿಯಾದ ಪ್ರತಿಯೊಂದರ ತಳಕ್ಕೆ ಒಂದು ಚೀಟಿ: ಏನು ಸರಿ ಮಾಡಿದ್ದು, ಯಾವ ದಿನ, ಫೋನ್ ನಂಬರು. "ಸಾಮಾನು ಮತ್ತೆ ಕೆಟ್ಟಾಗ ಜನ ಮೊದಲು ತಿರುಗಿಸಿ ನೋಡೋದೇ ಅದರ ತಳ," ಎಂದು ಯಜಮಾನರೇ ಆ ಜಾಗ ಹೇಳಿಕೊಟ್ಟದ್ದು.

ಒಂದು ದಿನ ಸೊಸೆ, "ಮಿಕ್ಸಿ ಇದ್ದಕ್ಕಿದ್ದಂಗೆ ನಿಂತ್ರೆ ಏನ್ ಮಾಡ್ಬೇಕು ಅಂತ ಹೇಳಿ ಮಾವ, ವಿಡಿಯೋ ಮಾಡ್ತೀನಿ," ಎಂದಳು.

"ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಜಾರಲ್ಲಿರೋದು ಕಡಿಮೆ ಮಾಡಿ, ಸ್ವಲ್ಪ ಹೊತ್ತು ಆರೋಕೆ ಬಿಟ್ಟು, ತಳದಲ್ಲಿರೋ ಕೆಂಪು ಗುಂಡಿ ಒತ್ತಬೇಕು. ಆದ್ರೆ ಇದನ್ನ ಹೇಳಿಕೊಟ್ರೆ ನಮ್ಮತ್ರ ಯಾರಮ್ಮ ಬರ್ತಾರೆ?"

"ಗುಂಡಿ ಒತ್ತೋಕೂ ದುಡ್ಡು ಕೇಳೋರ ಹತ್ರ ಎರಡನೇ ಸಲ ಯಾರು ಬರ್ತಾರೆ ಮಾವ?"

ಯಜಮಾನರು ಒಂದು ಮಿಕ್ಸಿ ಎತ್ತಿ ಫೋನಿನ ಮುಂದೆ ಹಿಡಿದರು. ವಿಡಿಯೋ ಒಂದು ನಿಮಿಷದ್ದು. ಬೀದಿಯವರ ಫೋನ್ ಗುಂಪಿನಿಂದ ಶಾಲೆಯ ತಾಯಂದಿರ ಗುಂಪಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ಮೂರನೇ ದಿನ ಗೊತ್ತಿಲ್ಲದ ಹೆಂಗಸೊಬ್ಬರು ಫೋನ್ ಮಾಡಿದರು. "ನೀವು ಹೇಳಿದ ಹಾಗೆ ಮಾಡಿದೆ, ಮಿಕ್ಸಿ ಓಡ್ತು. ಖರ್ಚಿಲ್ಲದೆ ಆಯ್ತಲ್ಲ, ಥ್ಯಾಂಕ್ಸ್. ಅಂದ ಹಾಗೆ, ನಮ್ಮ ಮನೇಲಿ ಎರಡು ಫ್ಯಾನು ಕೆಟ್ಟಿವೆ. ತರಲಾ?"

"ತನ್ನಿ, ತನ್ನಿ," ಎಂದು ಯಜಮಾನರು ಫೋನಿಟ್ಟರು. ಆಮೇಲೆ ಬೆಂಚಿನ ಮೇಲಿದ್ದ ಬೆಕ್ಕನ್ನು ಎತ್ತಿ ಕೆಳಗಿಳಿಸಿದರು. "ಏಳವ್ವಾ, ಜಾಗ ಬೇಕು."

ಅವತ್ತಿನಿಂದ ಬಂದವರನ್ನೆಲ್ಲ ಸೊಸೆ ಕೇಳತೊಡಗಿದಳು: "ನಮ್ಮ ವಿಷಯ ಹೇಗೆ ಗೊತ್ತಾಯ್ತು?" ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ತಿಂಗಳ ಕೊನೆಗೆ ನೋಡಿದರೆ, ಹೆಚ್ಚು ಗೆರೆ ಇದ್ದದ್ದು ಯಜಮಾನರ ಫೋನಿಗೆ, ನಂತರ ಚಹಾ ಅಂಗಡಿಯ ಹಲಗೆಗೆ. ಸ್ಟೇಟಸ್ಸಿಗೆ ಒಂದೇ ಗೆರೆ. ಅದೂ ಅವಳ ಅಣ್ಣ. ದಿನಾ ಸ್ಟೇಟಸ್ ಹಾಕುವುದನ್ನು ಬಿಟ್ಟು, ಆ ಹೊತ್ತನ್ನು ಹಳೆಯ ಗಿರಾಕಿಗಳಿಗೆ ಕೊಟ್ಟರು.

ಅಂಗಡಿ ಅರಮನೆಯೇನೂ ಆಗಲಿಲ್ಲ. ಕೆಲವು ದಿನ ಈಗಲೂ ಬೆಂಚು ಅರ್ಧ ಖಾಲಿ. ಆದರೆ ಗೋದಾಮಿನ ಕಾವಲಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಕಷ್ಟದ ಮೋಟಾರು ಬಂದರೆ ಯಜಮಾನರು ಸೊಸೆಯ ಕಡೆ ಸರಿಸಿ, "ನೀನೇ ನೋಡಮ್ಮ," ಎನ್ನುತ್ತಾರೆ. ಮಗ ಡಿಪೋದಲ್ಲಿ, "ನನ್ನ ಹೆಂಡ್ತಿ ಮೋಟಾರಿಗೆ ತಂತಿ ಸುತ್ತಿದ್ರೆ ಮತ್ತೆ ಕೆಡೋ ಮಾತೇ ಇಲ್ಲ," ಎಂದು ಎದೆಯುಬ್ಬಿಸಿ ಹೇಳುತ್ತಾನೆ.

ಮೊನ್ನೆ ಎದುರು ಮನೆಯ ಇಸ್ತ್ರಿಯವನು ಬಂದು ಜಗಲಿಯಲ್ಲಿ ಕೂತ. "ವ್ಯಾಪಾರ ಇಲ್ಲ ಯಜಮಾನ್ರೇ. ನನ್ನ ಕೈ ಇಸ್ತ್ರಿ ನೋಡಿದ್ದೀರಲ್ಲ, ಒಂದು ಸುಕ್ಕು ಇರುತ್ತಾ? ಆದ್ರೆ ನಾನೇ ಹೋಗಿ ಹೇಳ್ಕೊಳ್ಳೋಕೆ ನಾಚಿಕೆ."

ಯಜಮಾನರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ನಾಚಿಕೆ ಪಡೋದು ಕೆಟ್ಟ ಕೆಲಸಕ್ಕೆ ಕಣಪ್ಪ. ಇಲ್ಲೇ ಮುಂದಿನ ಬೀದೀಲಿ ಯಾರೋ ಸುಕ್ಕು ಬಟ್ಟೆ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿದ್ದಾರೆ. ನೀನಿದ್ದೀಯ ಅಂತ ಅವರಿಗೆ ಗೊತ್ತೇ ಇಲ್ಲ. ಏಳು, ಹೋಗಿ ಹೇಳೋಣ." ಹೀಗೆಂದು ತಾವೇ ಮೊದಲು ಚಪ್ಪಲಿ ಮೆಟ್ಟಿದರು.

ಅಕ್ಕ, ಅಣ್ಣ, ಹೊಲಿಗೆಯೋ ಬಡಗಿ ಕೆಲಸವೋ ಕ್ಷೌರದಂಗಡಿಯೋ, ನಿಮ್ಮದು ಯಾವ ಕಸುಬೇ ಇರಲಿ, ನಿಮ್ಮ ಕೈಕೆಲಸ ಬೇಕಾದವರು ಎಲ್ಲೋ ಹತ್ತಿರದಲ್ಲೇ ಇದ್ದಾರೆ. ಬೋರ್ಡಿನ ಮೇಲೆ ನೀವು ಮಾಡುವ ಕೆಲಸವನ್ನು ಬರೆಯಿರಿ. ಕೊಟ್ಟು ಕಳಿಸುವ ಪ್ರತಿ ಸಾಮಾನಿನ ಜೊತೆ ನಿಮ್ಮ ನಂಬರು ಹೋಗಲಿ. ಬಂದವರನ್ನು, ಹೇಗೆ ಗೊತ್ತಾಯಿತು ಎಂದು ಕೇಳಿ. ಫಲ ಕೊಡದ್ದನ್ನು ಬಿಡಿ. ಸುಳ್ಳು ಹೇಳಬೇಡಿ, ಸಾಲ ಮಾಡಿ ಪ್ರಚಾರ ಮಾಡಬೇಡಿ. ಮತ್ತು ಈ ಓದು ಮುಗಿದ ಕೂಡಲೇ, ಬಹಳ ದಿನದಿಂದ ಬಾರದ ಒಬ್ಬ ಗಿರಾಕಿಗೆ ಫೋನ್ ಮಾಡಿ. ಏನನ್ನೂ ಮಾರಬೇಡಿ. "ಚೆನ್ನಾಗಿದ್ದೀರಾ?" ಎಂದು ಕೇಳಿ. ಮಿಕ್ಕ ಮಾತು ತಾನಾಗಿಯೇ ಬರುತ್ತದೆ.