ಒತ್ತಬೇಡಿ, ಮಾವ

ಮನೆಯಲ್ಲಿ ಮಾವನ ಮಾತಿಗೆ ಎದುರಾಡಿದವರಿಲ್ಲ. ಕಿಟಕಿ ಎಷ್ಟು ತೆರೆಯಬೇಕು, ಟೀವಿಯ ಸದ್ದು ಎಷ್ಟಿರಬೇಕು ಎಂಬುದೂ ಅವರದೇ ತೀರ್ಮಾನ. ಸೊಸೆ ನಕ್ಕು ಸುಮ್ಮನಾಗುತ್ತಿದ್ದಳು. ಇಂಥದ್ದಕ್ಕೆಲ್ಲ ಜಗಳ ಕಾಯಲು ಅವಳಿಗೆ ಪುರುಸೊತ್ತಿರಲಿಲ್ಲ. ತೊಂದರೆಯೆಂದರೆ ಆಫೀಸಿನಲ್ಲೂ ಮಾವನೇ ಮೇಲಿನವರು. ಆಸ್ಪತ್ರೆಗಳ ಲೆಕ್ಕಾಚಾರ ನೋಡುವ ದೊಡ್ಡ ಕಂಪ್ಯೂಟರಿನ ಕೋಣೆಗೆ ಅವರು ಮುಖ್ಯಸ್ಥರು, ಅವಳು ಪ್ರೋಗ್ರಾಮರ್.

ಅಂದು ಅವಳು ಊಟ ಮುಗಿಸಿ ಬಂದಾಗ ಕೋಣೆಯಲ್ಲಿ ಎಲ್ಲರ ಮುಖವೂ ಬಾಡಿತ್ತು. ಕಿಡ್ನಿಗಾಗಿ ಕಾಯುವ ರೋಗಿಗಳ ಸರದಿ ಪಟ್ಟಿಯನ್ನು ದಿನವೂ ಹೊಸದಾಗಿ ಬರೆಯುವ ಕಂಪ್ಯೂಟರ್ ಕೆಲಸ, ಅವರ ಬಾಯಲ್ಲಿ ‘ಜಾಬ್’, ಕೈಕೊಟ್ಟಿತ್ತು. ದಾನಿಯೊಬ್ಬರ ಕಿಡ್ನಿ ಬಂದಿದೆ, ಸರದಿ ಯಾರದು ಎಂದು ಆಸ್ಪತ್ರೆಯವರು ಫೋನಿನಲ್ಲೇ ಕಾದಿದ್ದರು.

"ಎಷ್ಟು ಸಲ ಓಡ್ತು, ಮಾವ?"

"ಬೆಳಗಿನದೂ ಸೇರಿ ನಾಲ್ಕು. ದರಿದ್ರದ್ದು, ಹೆಸರೇ ಇಲ್ಲ ಅಂತ ನಿಂತುಬಿಡುತ್ತೆ. ಇನ್ನೊಂದು ಸಲ ಕೊಡ್ತೀನಿ, ಹೇಗೆ ಕೇಳಲ್ಲ ನೋಡೋಣ." ಅವರ ಬೆರಳು ಆಗಲೇ ಎಂಟರ್ ಕೀಲಿಯ ಮೇಲಿತ್ತು.

ಅವಳು ಬಗ್ಗಿ ಪರದೆ ನೋಡಿದಳು. ಆ ಪಟ್ಟಿಗೆ ಐದೇ ತಲೆಮಾರು; ಜಾಬ್ ಓಡಿದಾಗಲೆಲ್ಲ ಹುಟ್ಟುವ ಹೊಸ ಪ್ರತಿಗಳಲ್ಲಿ ಕಂಪ್ಯೂಟರ್ ಕೊನೆಯ ಐದನ್ನಷ್ಟೇ ಇಟ್ಟುಕೊಳ್ಳುತ್ತದೆ. ಇತ್ತೀಚಿನದನ್ನು ಜಾಬ್ ನಡೆಸುವ ಸ್ಕ್ರಿಪ್ಟಿನಲ್ಲಿ ಸೊನ್ನೆ ಎಂದು ಕರೆಯಬೇಕು, ಅದರ ಹಿಂದಿನದನ್ನು ಮೈನಸ್ ಒಂದು, ಹುಟ್ಟಲಿರುವುದನ್ನು ಪ್ಲಸ್ ಒಂದು. ಆರನೆಯದು ಹುಟ್ಟಿತೋ, ಎಲ್ಲಕ್ಕಿಂತ ಹಳೆಯದು ಅಳಿಸಿಹೋಗುತ್ತದೆ. ಬೆಳಿಗ್ಗೆ ಏನೋ ಎಡವಟ್ಟಾಗಿ ಖಾಲಿ ಪಟ್ಟಿಯೊಂದು ಹುಟ್ಟಿ, ಸೊನ್ನೆಯ ಜಾಗದಲ್ಲಿ ಕೂತಿತ್ತು. ಮಾವ ಓಡಿಸಿದಾಗಲೆಲ್ಲ, ಸೊನ್ನೆಯನ್ನು ಓದಿ ಹೊಸದನ್ನು ಬರೆಯುವ ಜಾಬ್ ಆ ಖಾಲಿಯನ್ನೇ ಓದಿ ಇನ್ನೊಂದು ಖಾಲಿಯನ್ನು ಹೆತ್ತಿತ್ತು. ನಿನ್ನೆಯ ನಿಜವಾದ ಪಟ್ಟಿ ಈಗ ಮೈನಸ್ ನಾಲ್ಕರಲ್ಲಿ, ಕಟ್ಟಕಡೆಯಲ್ಲಿತ್ತು.

"ಒತ್ತಬೇಡಿ, ಮಾವ. ಕೈ ತೆಗೀರಿ."

ಮಾವನ ಕಿವಿ ಕೆಂಪಾಯಿತು. "ಇಲ್ಲಿ ಮೇಲಿನವರು ಯಾರು?"

"ನೀವೇ. ಆದ್ರೆ ಇನ್ನೊಂದು ಸಲ ಒತ್ತಿದ್ರೆ ಕಾಯ್ತಿರೋ ಅಷ್ಟೂ ಜನರ ಸರದಿ ಅಳಿಸಿಹೋಗುತ್ತೆ. ಬೈಯೋದಿದ್ರೆ ಮನೇಲಿ ಬೈಯಿರಿ, ಕೂತ್ಕೊಂಡು ಕೇಳ್ತೀನಿ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಮಾವ ಬೆರಳೆತ್ತಿ ಕುರ್ಚಿ ಬಿಟ್ಟುಕೊಟ್ಟರು, ಮನಸ್ಸಿನಿಂದಲ್ಲ.

ಅವಳು ಮೊದಲು ಮೈನಸ್ ನಾಲ್ಕನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿ ಕಾಪಾಡಿದಳು. ರೋಗಿಗಳ ಹೊಸ ವಿವರ ಹೊತ್ತು ಆಸ್ಪತ್ರೆಯಿಂದ ಬಂದ ಬೆಳಗಿನ ಫೈಲು ಅರ್ಧಕ್ಕೇ ತುಂಡಾಗಿತ್ತು; ಎಡವಟ್ಟು ಅದರಿಂದಲೇ. ಅದನ್ನು ಮತ್ತೆ ತರಿಸಿದಳು. ಆಮೇಲೆ ನಾಲ್ಕು ಖಾಲಿ ತಲೆಮಾರುಗಳನ್ನೂ ಒಂದೊಂದಾಗಿ ಅಳಿಸಿದಳು. ಖಾಲಿಗಳು ತೊಲಗಿದ ಮೇಲೆ ನಿನ್ನೆಯ ಪಟ್ಟಿಯೇ ತಾನಾಗಿ ಸೊನ್ನೆಯಾಯಿತು. ಸ್ಕ್ರಿಪ್ಟಿನ ಒಂದಕ್ಷರವನ್ನೂ ಮುಟ್ಟಬೇಕಾಗಲಿಲ್ಲ.

"ಈಗ ಒತ್ತಿ, ಮಾವ."

ಅವರು ಒತ್ತಿದರು. ಪರದೆಯ ತುಂಬ ಹೆಸರುಗಳು ಬಂದವು. ಮೊದಲ ಸಾಲಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಮಾವ ಆ ಹುಡುಗಿಯ ಹೆಸರನ್ನು ಆಸ್ಪತ್ರೆಯವರಿಗೆ ಎರಡು ಸಲ, ಬಿಡಿಸಿ ಬಿಡಿಸಿ ಹೇಳಿ ಫೋನ್ ಕೆಳಗಿಟ್ಟರು. ನಂತರ ಎಲ್ಲರಿಗೂ ಕೇಳುವಂತೆ ಸೊಸೆಗೆ ಹೇಳಿದರು:

"ನಾನು ಒತ್ತೇಬಿಡ್ತಿದ್ದೆ, ಮಗಳೇ."